ಮದ್ದಳೆ ಕೇಳಲು ಐದು ವಾಟ್ ಸಾಕು

ನಮಸ್ಕಾರ. ನಮ್ಮ ಕುಂಬಳೆ, ಬದಿಯಡ್ಕ ಕಡೆಯ ಹಳೇ ಮನೆಗಳ ಅಟ್ಟದಲ್ಲಿ ಇನ್ನೂ ವಾಲ್ವ್ ರೇಡಿಯೊ (ಟ್ರಾನ್ಸಿಸ್ಟರ್ ಬದಲು ಗಾಜಿನ ಕೊಳವೆ ಇರುವಂಥದ್ದು) ಸಿಗುತ್ತದೆ. ಅಂಥ ಒಂದರಲ್ಲಿ ನನಗೆ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಮಾಡಿದ ಇಎಲ್84 ಸಿಕ್ಕಿತ್ತು, ಸ್ಪೀಕರ್ ನಡೆಸುವ ವಾಲ್ವ್ ಅದು. ಮನೆಯಲ್ಲೇ ಆಂಪ್ (ಆಂಪ್ಲಿಫೈಯರ್) ಮಾಡ್ತೇನೆ, ಯಾವ ವಾಲ್ವ್ ಹಾಕಲಿ ಎಂದು ಯಾರು ಕೇಳಿದರೂ ನಾನು ಅದನ್ನೇ ಹೇಳುವುದು.

ಎಲ್ಲರ ಕಣ್ಣು ಇಎಲ್34 ಮೇಲೆ. ದೊಡ್ಡ ವಾಲ್ವ್, ನೋಡಲು ಚಂದ, ಒಪ್ಪುತ್ತೇನೆ. ಆದರೆ ಲೆಕ್ಕ ನೋಡಿ. 250 ವೋಲ್ಟ್‌ನಲ್ಲಿ ಒಂದೇ ಇಎಲ್84 ಸುಮಾರು 5.7 ವಾಟ್ ಕೊಡುತ್ತದೆ, ಇಎಲ್34 ಸುಮಾರು 11. ದುಪ್ಪಟ್ಟು ಅಲ್ವಾ? ಕಿವಿಗೆ ಅದು ಬರೀ 3 ಡೆಸಿಬೆಲ್. ಅದಕ್ಕಾಗಿ ಹೀಟರ್ (ವಾಲ್ವ್ ಒಳಗೆ ಬಿಸಿಯಾಗುವ ತಂತಿ) ಕರೆಂಟ್ 0.76 ಆಂಪಿಯರ್‌ನಿಂದ 1.5ಕ್ಕೆ ಏರುತ್ತದೆ. ಪವರ್ ಟ್ರಾನ್ಸ್‌ಫಾರ್ಮರ್ ದೊಡ್ಡದಾಗಬೇಕು, ಬಿಸಿಯೂ ಜಾಸ್ತಿ. ಇಎಲ್84ಕ್ಕೆ ಗ್ರಿಡ್‌ನಲ್ಲಿ, ಅಂದರೆ ಸಿಗ್ನಲ್ ಒಳಬರುವ ಕಡೆ, ಏಳೆಂಟು ವೋಲ್ಟ್ ಪೀಕ್ ಸಿಗ್ನಲ್ ಸಾಕು, ಅದಕ್ಕೆ ಮೊದಲಿನ ಹಂತದಲ್ಲಿ ಅರ್ಧ ಇಸಿಸಿ83 (ಒಂದೇ ಗಾಜಿನೊಳಗೆ ಎರಡು ವಾಲ್ವ್ ಇರುವ ಚಿಕ್ಕದು) ಇದ್ದರೆ ಕೆಲಸ ಮುಗಿಯಿತು.

6ವಿ6 ಎಂಬ ವಾಲ್ವ್ ಕೂಡ ನನಗೆ ಇಷ್ಟ. 4.5 ವಾಟ್, ಹೀಟರ್‌ಗೆ 0.45 ಆಂಪಿಯರ್ ಮಾತ್ರ. ಕೈಗೆ ಸಿಕ್ಕಿದರೆ ಬಿಡಬೇಡಿ. 300ಬಿ ಮಾತ್ರ ಮೊದಲ ಸಲಕ್ಕೆ ಬೇಡವೇ ಬೇಡ. ಅದರ ಬೆಲೆಯಲ್ಲಿ ಇಡೀ ಆಂಪ್ ಆಗುತ್ತದೆ.

ನನ್ನ ನಿಜವಾದ ಜಗಳ ವಾಲ್ವ್ ಹೆಸರಿನ ಜೊತೆ ಅಲ್ಲ. ಮೊದಲ ಆಂಪ್‌ಗೆ ನಾನು ಒಳ್ಳೆಯ ವಾಲ್ವ್ ಹಾಕಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ (ವಾಲ್ವ್‌ಗೂ ಸ್ಪೀಕರ್‌ಗೂ ಹೊಂದಿಸುವುದು ಅದೇ) ದುಡ್ಡು ಉಳಿಸಿದೆ. ಯಕ್ಷಗಾನದ ಹಳೇ ಕ್ಯಾಸೆಟ್ ಹಾಕಿದರೆ ಭಾಗವತರ ದನಿ ಬಂತು, ಚೆಂಡೆಯೂ ಬಂತು. ಮದ್ದಳೆ ಎಲ್ಲಿ? ಪೆಟ್ಟಿನ ತೂಕವೇ ಇಲ್ಲ. ವಾಲ್ವ್ ಮೂರು ಸಲ ಬದಲಿಸಿ ನೋಡಿದೆ, ಏನೂ ಆಗಲಿಲ್ಲ. ಟ್ರಾನ್ಸ್‌ಫಾರ್ಮರ್ ಬದಲಿಸಿದ ದಿನ ಮದ್ದಳೆ ಎದ್ದು ಬಂತು. ಸ್ವಲ್ಪ ನೆಗೆಟಿವ್ ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದು ಪಾಲನ್ನು ತಿರುಗಿಸಿ ಒಳಗೆ ಕೊಡುವುದು) ಕೊಟ್ಟ ಮೇಲೆ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿಸಿತು. ಇಎಲ್84ರಂಥ ಪೆಂಟೋಡ್ ವಾಲ್ವ್‌ಗೆ ಸ್ಪೀಕರ್ ಕೋನ್ ಹಿಡಿದು ನಿಲ್ಲಿಸುವ ಬಲ ಕಡಿಮೆ, ಫೀಡ್‌ಬ್ಯಾಕ್ ಆ ಬಲ ಕೊಡುತ್ತದೆ. ಆ ರಾತ್ರಿ ಇಡೀ ಪ್ರಸಂಗ ಕೇಳಿಯೇ ಮಲಗಿದ್ದು.

ಹಾಗಾಗಿ ಹೆಸರಾಂತ ಕಂಪನಿಯ ಹಳೇ ವಾಲ್ವ್‌ಗೆ ಸುಮ್ನೆ ಸಾವಿರಗಟ್ಟಲೆ ಸುರಿಯಬೇಡಿ. ಆ ದುಡ್ಡು ಟ್ರಾನ್ಸ್‌ಫಾರ್ಮರ್‌ನ ಕಬ್ಬಿಣಕ್ಕೂ ತಾಮ್ರಕ್ಕೂ ಹೋಗಲಿ. ಸೆನ್ಸಿಟಿವಿಟಿ (ಒಂದು ವಾಟ್‌ಗೆ ಒಂದು ಮೀಟರ್ ದೂರದಲ್ಲಿ ಕೊಡುವ ಸದ್ದು) 90 ಡೆಸಿಬೆಲ್ ದಾಟಿದ ಸ್ಪೀಕರ್ ಇದ್ದರೆ ನಮ್ಮ ಚಾವಡಿಗೆ ಐದು ವಾಟ್ ಧಾರಾಳ.

ಒಂದು ಮಾತು ಮರೆಯಬೇಡಿ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ನಷ್ಟು ಉಳಿದಿರಬಹುದು, ಅದು ಜೀವ ತೆಗೆಯಬಹುದು. ಆ ಚಾರ್ಜ್ ಇಳಿಸುವ ಬ್ಲೀಡರ್ ರೆಸಿಸ್ಟರ್ ಹಾಕಿಯೇ ಹಾಕಿ. ಮೀಟರ್‌ನಲ್ಲಿ ಸೊನ್ನೆ ನೋಡದೆ ಒಳಗೆ ಕೈ ಇಡಬೇಡಿ.

ಟ್ರಾನ್ಸ್‌ಫಾರ್ಮರ್ ಸುತ್ತುವವರ ಹತ್ತಿರ ಹೋದಾಗ ಇಷ್ಟು ಬರೆದುಕೊಂಡು ಹೋಗಿ: ಇಎಲ್84 ಸಿಂಗಲ್ ಎಂಡೆಡ್ (ಒಂದೇ ಔಟ್‌ಪುಟ್ ವಾಲ್ವ್), ಪ್ರೈಮರಿ 5.2 ಕಿಲೋಓಮ್, ಸೆಕೆಂಡರಿ 8 ಓಮ್, 50 ಮಿಲಿಆಂಪ್ ಡಿಸಿ ತಾಳಿಕೊಳ್ಳಬೇಕು, ಕೋರ್ ನಡುವೆ ಗ್ಯಾಪ್ ಬೇಕೇ ಬೇಕು.