ಉಗುರಿನಷ್ಟು ದಪ್ಪದ ತೇಗ

ಕೇಳುಗರಿಗೆ ನಮಸ್ಕಾರ.

ನಮ್ಮ ನಡುಮನೆಯಲ್ಲಿ ಅಪ್ಪ ಕೊಂಡ ವಾಲ್ವ್ ರೇಡಿಯೊ ಇದೆ. ಅದರ ದನಿ ನಿಂತು ವರ್ಷಗಳಾದರೂ ಮರದ ಪೆಟ್ಟಿಗೆಯನ್ನು ಎಸೆಯಲು ಯಾರಿಗೂ ಮನಸ್ಸಾಗಲಿಲ್ಲ. ಹೊಳಪು ಮಾಸಿತ್ತು. ಬಿಸಿ ಲೋಟ ಇಟ್ಟಲ್ಲೆಲ್ಲ ಬಿಳಿ ಉಂಗುರ ಮೂಡಿತ್ತು. ಒಂದು ಭಾನುವಾರ ಒರಟು ಸ್ಯಾಂಡ್ ಪೇಪರ್ ಹಿಡಿದು ಉಜ್ಜಲು ಕುಳಿತೆ. ಹತ್ತು ನಿಮಿಷವೂ ಆಗಿರಲಿಲ್ಲ, ಮೂಲೆಯಲ್ಲಿ ತೇಗದ ಬಣ್ಣ ಮಾಯವಾಗಿ ಅಡಿಯ ಬಿಳಿಚಿದ ಪ್ಲೈವುಡ್ ಇಣುಕಿತು. ನಾಣ್ಯದಗಲದ ಆ ಕಲೆ ಇವತ್ತಿಗೂ ಇದೆ. ಕಂಡಾಗಲೆಲ್ಲ ಸಂಕಟವಾಗುತ್ತದೆ.

ಅದು ವೆನಿಯರ್ ಎಂದು ನಾನು ಮೊದಲೇ ನೋಡಿಕೊಳ್ಳಬೇಕಿತ್ತು. ಒಳ್ಳೆಯ ಮರವನ್ನು ಹಾಳೆಯಂತೆ ತೆಳ್ಳಗೆ ಸೀಳಿ, ಅಗ್ಗದ ಮರ ಅಥವಾ ಪ್ಲೈವುಡ್ ಮೇಲೆ ಅಂಟಿಸಿರುತ್ತಾರೆ. ಈಗಿನ ಹಾಳೆಗಳು ಸುಮಾರು ಅರ್ಧ ಮಿಲಿಮೀಟರ್, ಅಂದರೆ ನಮ್ಮ ಉಗುರಿನಷ್ಟು ದಪ್ಪ. ಹಳೆಯವು ತುಸು ದಪ್ಪ ಇರಬಹುದು. ಮೇಲ್ಭಾಗದ ಎಳೆಗಳು ಅಂಚು ದಾಟಿ ಪಕ್ಕಕ್ಕೂ ಇಳಿದಿದ್ದರೆ ಗಟ್ಟಿ ಮರ. ಅಂಚಿನಲ್ಲೇ ಗೆರೆ ಎಳೆದಂತೆ ನಿಂತು ಬೇರೆ ಪದರ ಕಂಡರೆ ವೆನಿಯರ್.

ಹಾಗಾಗಿ ಮೊದಲು ಉಜ್ಜಬೇಡಿ, ಒರೆಸಿ. ಸೋಪಿನ ನೀರಿನಲ್ಲಿ ಅದ್ದಿ ಬಿಗಿಯಾಗಿ ಹಿಂಡಿದ ಬಟ್ಟೆ ಸಾಕು. ಎಷ್ಟೋ ಸಲ ಮಾಸಿರುವುದು ಪಾಲಿಶ್ ಅಲ್ಲ, ಅದರ ಮೇಲೆ ಕುಳಿತ ಎಣ್ಣೆ ಜಿಡ್ಡು. ಆಮೇಲೆ ಕಣ್ಣಿಗೆ ಬೀಳದ ಜಾಗದಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ. ಮೇಲ್ಮೈ ಅಂಟಂಟಾದರೆ ಅದು ಅರಗಿನ ಪಾಲಿಶ್. ಅಂಥದ್ದರ ಮೇಲಿನ ಬಿಳಿ ಉಂಗುರ, ಸ್ಪಿರಿಟ್ ಸೋಕಿಸಿದ ಬಟ್ಟೆಯನ್ನು ಹಗುರವಾಗಿ ಎಳೆದರೇ ಮಾಯವಾಗುವುದುಂಟು. ನಮ್ಮ ಪೆಟ್ಟಿಗೆಯ ಮೂರು ಉಂಗುರಗಳೂ ಹೀಗೆಯೇ ಹೋದವು.

ಪದರ ಗುಳ್ಳೆಯಂತೆ ಎದ್ದಿದ್ದರೆ ಕೀಳಬೇಡಿ. ಬ್ಲೇಡಿನಿಂದ ಎಳೆಯ ದಿಕ್ಕಿನಲ್ಲೇ ಸಣ್ಣದಾಗಿ ಸೀಳಿ, ಬಿಳಿ ಅಂಟನ್ನು ಒಳಗೆ ತೂರಿಸಿ, ಬೆರಳಿನಿಂದ ನೀವಿ. ಹೊರಬಂದ ಅಂಟನ್ನು ಒರೆಸಿ, ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೊಂದು ಹಲಗೆ ಇಟ್ಟು ರಾತ್ರಿಯಿಡೀ ಗುಂಡುಕಲ್ಲಿನ ಭಾರ ಹೇರಿ.

ಸ್ಯಾಂಡ್ ಪೇಪರ್ ಬೇಕೇ ಬೇಕಾದರೆ 220 ನಂಬರಿನ ನಯವಾದ ಹಾಳೆಯಿಂದ ಶುರುಮಾಡಿ. ಯಂತ್ರ ಬೇಡ, ಕೈಯೇ ಸಾಕು. ಅಂಚಿಗೆ ಬಂದಾಗ ಕೈ ಹಗುರಾಗಲಿ.

ಪಾಲಿಶ್ ವಿಷಯದಲ್ಲಿ ನನ್ನ ಒಲವು ಅರಗಿನ ಕಡೆಗೇ. ಚನ್ನಪಟ್ಟಣದ ಬೊಂಬೆಗಳ ಹೊಳಪು ಅರಗಿನದೇ. ಮತದಾರರ ಬೆರಳಿಗೆ ಶಾಯಿ ಮಾಡಿಕೊಡುವ ಮೈಸೂರಿನ ಕಾರ್ಖಾನೆಯೂ 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿಯೇ ಹುಟ್ಟಿತು. 100 ಮಿಲಿಲೀಟರ್ ಸ್ಪಿರಿಟ್‌ಗೆ 15ರಿಂದ 20 ಗ್ರಾಂ ಅರಗಿನ ಚಕ್ಕೆ ಹಾಕಿ, ಗಾಜಿನ ಸೀಸೆಯಲ್ಲಿ ರಾತ್ರಿ ನೆನೆಯಲು ಬಿಡಿ. ಕಬ್ಬಿಣದ ಡಬ್ಬಿಯಲ್ಲಿಟ್ಟರೆ ಕಪ್ಪಾಗುತ್ತದೆ. ಬೆಳಗ್ಗೆ ಸೋಸಿಕೊಂಡು, ಹಳೆಯ ಪಂಚೆಯ ತುಂಡಿನಲ್ಲಿ ಹತ್ತಿ ಉಂಡೆ ಕಟ್ಟಿ, ಅದ್ದಿ ತೆಳ್ಳಗೆ ಎಳೆಯಿರಿ. ನಡುವೆ ಕೈ ನಿಲ್ಲಿಸಿದರೆ ಬಟ್ಟೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಮೂರನೆಯ ಸಲಕ್ಕೆ ತೇಗದ ಎಳೆಗಳು ನೀರಿನಡಿಯಿಂದ ಮೇಲೆದ್ದಂತೆ ಕಾಣುತ್ತವೆ.

ಪೇಂಟ್ ಮಾಡುವುದು ತಪ್ಪೇ? ಹಾಳೆ ಅಲ್ಲಲ್ಲಿ ಕಿತ್ತುಹೋಗಿ ಪುಟ್ಟಿ ತುಂಬಿಸಬೇಕಾದ ಕಪಾಟಿಗೆ ಪೇಂಟೇ ಸರಿ. ಆದರೆ ತೇಗ, ಬೀಟೆಗಳ ಬಣ್ಣ ಬಿಳಿ ಪೇಂಟಿನ ಮೇಲೂ ಕಲೆಯಾಗಿ ಒಸರುತ್ತದೆ. ಅದಕ್ಕೇ ಮೊದಲು ಒಂದು ಕೈ ಅರಗು, ಅದು ಒಣಗಿದ ಮೇಲೆ ಪ್ರೈಮರ್, ಆಮೇಲೆ ಬಣ್ಣ. ಚೆನ್ನಾಗಿರುವ ಬೀಟೆಯ ಎಳೆಗಳನ್ನು ಮಾತ್ರ ದಯವಿಟ್ಟು ಬಣ್ಣದಡಿ ಹೂಳಬೇಡಿ.

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ತೇವದ ಗಾಳಿಗೆ ಅರಗಿನ ಮೇಲೆ ಹಾಲಿನಂಥ ಪೊರೆ ಕಟ್ಟುತ್ತದೆ. ಜನವರಿಯ ಒಣ ದಿನ ಆರಿಸಿಕೊಂಡು ಕಿಟಕಿ ತೆರೆದಿಡಿ. ಸ್ಪಿರಿಟ್ ಇರುವಲ್ಲಿ ಒಲೆ, ದೀಪ ಬೇಡ. ಇನ್ನು, ಅರಗು ಬಿಸಿ ತಾಳುವುದಿಲ್ಲ. ನಮ್ಮ ರೇಡಿಯೊ ಮೇಲೆ ಈಗ ಅಮ್ಮ ಹೆಣೆದ ಕ್ರೋಶದ ಬಟ್ಟೆ ಹಾಸಿದೆ, ಕಾಫಿ ಲೋಟಕ್ಕೆ ಪಕ್ಕದಲ್ಲಿ ಸ್ಟೂಲ್ ಬಂದಿದೆ.

ನಮಸ್ಕಾರ.