ಗೋಡೆಯೊಳಗಿನ ತಂತಿ ಮತ್ತು ತಂಬೂರಿಯ ಪಂಚಮ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಆಂಪ್ಲಿಫೈಯರ್, ಸ್ಪೀಕರುಗಳನ್ನು ಇಟ್ಟುಕೊಂಡು ಸಂಗೀತ ಕೇಳುವವರು ಒಂದು ಪರೀಕ್ಷೆಯನ್ನು ತಾವೇ ಮಾಡಿ ನೋಡಬಹುದು. ರಾತ್ರಿ ಫ್ಯಾನು ನಿಲ್ಲಿಸಿ, ಯಾವ ಹಾಡನ್ನೂ ಹಾಕದೆ, ವಾಲ್ಯೂಮನ್ನು ನಿತ್ಯ ಕೇಳುವ ಮಟ್ಟದಲ್ಲಿಯೇ ಇಟ್ಟು, ಸ್ಪೀಕರಿನ ಹತ್ತಿರ ಕಿವಿಗೊಡಿ. ಒಂದೇ ಸಮನೆ 'ಗುಂಯ್' ಎಂಬ ಸಣ್ಣ ದನಿ ಕೇಳಿಸಿದರೆ, ಅದು ಗೋಡೆಯೊಳಗಿನ ವಿದ್ಯುತ್ತು ಸಂಗೀತದ ದಾರಿಯೊಳಗೆ ನುಸುಳಿರುವುದರ ಗುರುತು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು, ಅದರ ಆವರ್ತನ 50 ಹರ್ಟ್ಸ್. ಈ 50 ಹರ್ಟ್ಸ್ ಮತ್ತು ಅದರ ಇಮ್ಮಡಿಯಾದ 100 ಹರ್ಟ್ಸ್ ನಮಗೆ ಗುಂಯ್‌ಗುಡುವ ದನಿಯಾಗಿ ಕೇಳಿಸುತ್ತವೆ.

ಇಷ್ಟು ಸಣ್ಣ ದನಿಯಿಂದ ಏನು ತೊಂದರೆ ಎಂದು ಕೇಳುವವರಿದ್ದಾರೆ. ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಯಲ್ಲಿ ಹಾಡುವ ಗಾಯಕರ ತಂಬೂರಿಯಲ್ಲಿ ಪಂಚಮದ ತಂತಿ ಸುಮಾರು 98 ಹರ್ಟ್ಸಿನಲ್ಲಿ ಮಿಡಿಯುತ್ತದೆ. ಅದರ ಪಕ್ಕದಲ್ಲಿಯೇ 100 ಹರ್ಟ್ಸಿನ ಗುಂಯ್ ದನಿ ಕುಳಿತರೆ ಎರಡೂ ಒಂದಕ್ಕೊಂದು ಉಜ್ಜಿ, ಸೆಕೆಂಡಿಗೆ ಎರಡು ಸಲ ಏರಿಳಿಯುವ ಅಲೆಯೊಂದು ಹುಟ್ಟುತ್ತದೆ. ವಿಲಂಬಿತ ಆಲಾಪದ ನಡುವಿನ ಮೌನದಲ್ಲಿ, ತಂಬೂರಿಯೊಂದೇ ಉಳಿದ ಗಳಿಗೆಯಲ್ಲಿ, ಶ್ರುತಿ ಕದಡಿದಂತೆ ಅನ್ನಿಸುವುದಕ್ಕೆ ಇದೂ ಒಂದು ಕಾರಣ. ಕಲಾವಿದರು ಅಷ್ಟು ಶ್ರದ್ಧೆಯಿಂದ ಕೂಡಿಸಿದ ಶ್ರುತಿಯನ್ನು ನಮ್ಮ ಮನೆಯ ವೈರಿಂಗು ಕೆಡಿಸುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ನಮ್ಮ ಮನೆಯಲ್ಲಿ ಈ ದನಿಯ ಮೂಲವನ್ನು ಹುಡುಕಲು ನನಗೆ ಒಂದು ವಾರ ಹಿಡಿಯಿತು. ಆಂಪ್ಲಿಫೈಯರ್ ಕೆಟ್ಟಿರಬೇಕೆಂದು ಮೊದಲು ಅದನ್ನೇ ಶಂಕಿಸಿದೆ. ಕೊನೆಗೆ ಒಂದೊಂದೇ ವೈರನ್ನು ಕಳಚುತ್ತ ಬಂದಾಗ, ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ ವೈರನ್ನು ಬಿಚ್ಚಿದ ಕೂಡಲೇ ದನಿ ನಿಂತಿತು. ಆ ಕೇಬಲ್ಲಿನ ಹೊರಕವಚ ಬೀದಿಯಲ್ಲಿ ಎಲ್ಲಿಯೋ ಒಂದು ಕಡೆ ನೆಲಕ್ಕೆ ಸೇರಿರುತ್ತದೆ. ನಮ್ಮ ಆಂಪ್ಲಿಫೈಯರ್ ಮೂರು ಪಿನ್ನಿನ ಪ್ಲಗ್ಗಿನ ಮೂಲಕ ಮನೆಯ ಅರ್ತಿಂಗಿಗೆ ಸೇರಿರುತ್ತದೆ. ಈ ಎರಡು ನೆಲಗಳ ವೋಲ್ಟೇಜು ಒಂದೇ ಆಗಿರಬೇಕೆಂದೇನೂ ಇಲ್ಲ. ಅವುಗಳ ನಡುವೆ ಒಂದು ಸುತ್ತು ಏರ್ಪಟ್ಟು, ಆ ಸುತ್ತಿನಲ್ಲಿ ಸಣ್ಣ ವಿದ್ಯುತ್ತು ಹರಿದು, ಆಡಿಯೋ ವೈರಿನ ಹೊರಕವಚವನ್ನೇ ದಾರಿ ಮಾಡಿಕೊಳ್ಳುತ್ತದೆ. ಇದನ್ನು ಬಲ್ಲವರು ಗ್ರೌಂಡ್ ಲೂಪ್ ಎನ್ನುತ್ತಾರೆ. ಕೇಬಲ್ ವೈರಿನ ದಾರಿಯಲ್ಲಿ ಒಂದು ಐಸೊಲೇಟರ್, ಅಂದರೆ ಟಿವಿಯ ಸಂಕೇತವನ್ನು ಬಿಟ್ಟು ಹೊರಕವಚದ ಸಂಪರ್ಕವನ್ನು ತಡೆಯುವ ಸಣ್ಣ ಸಾಧನ, ಹಾಕಿದರೆ ಈ ಸುತ್ತು ಕಡಿಯುತ್ತದೆ. ಟಿವಿ, ಸೆಟ್‌ಟಾಪ್ ಬಾಕ್ಸ್, ಆಂಪ್ಲಿಫೈಯರ್ ಎಲ್ಲವನ್ನೂ ಒಂದೇ ಸ್ವಿಚ್‌ಬೋರ್ಡಿನಿಂದ, ಒಂದೇ ಅರ್ತಿಂಗಿನಿಂದ ನಡೆಸುವುದೂ ಅಷ್ಟೇ ಮುಖ್ಯ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ದನಿ ನಿಲ್ಲಿಸಲು ಪ್ಲಗ್ಗಿನ ಮೇಲಿನ ದಪ್ಪ ಪಿನ್ನನ್ನು, ಅಂದರೆ ಅರ್ತಿಂಗಿನ ಪಿನ್ನನ್ನು, ಕಿತ್ತುಹಾಕುವ ಅಭ್ಯಾಸ ಕೆಲವರಲ್ಲಿದೆ. ಗುಂಯ್ ದನಿ ಹೋಗಬಹುದು; ಆದರೆ ಒಳಗಿನ ಫೇಸ್ ವೈರು ಆಂಪ್ಲಿಫೈಯರಿನ ಲೋಹದ ಮೈಗೆ ತಾಗಿದ ದಿನ, ಅದನ್ನು ಮುಟ್ಟಿದವರ ಜೀವವೂ ಹೋಗಬಹುದು. ದಯವಿಟ್ಟು ಹಾಗೆ ಮಾಡಬೇಡಿ.

ಅರ್ತಿಂಗೇ ಇಲ್ಲದ ಮನೆಗಳ ಕಥೆ ಬೇರೆ. ಸಾಧನದ ಲೋಹದ ಮೈಯನ್ನು ಬೆರಳ ಹಿಂಬದಿಯಿಂದ ಸವರಿದರೆ ಜುಮ್ಮೆನ್ನುತ್ತದೆಯೇ? ಹಾಗಿದ್ದರೆ ಸಾಕೆಟ್ಟಿನಲ್ಲಿ ಮೂರನೆಯ ರಂಧ್ರವಿದ್ದರೂ ಅದರ ಹಿಂದೆ ಹಸಿರು ವೈರು ಇಲ್ಲದಿರಬಹುದು, ಅಥವಾ ಆ ವೈರು ಹೋಗಿ ಸೇರುವ, ನೆಲದಲ್ಲಿ ತೋಡಿದ ಅರ್ತಿಂಗಿನ ಗುಂಡಿ ಒಣಗಿರಬಹುದು. ಮನೆಯ ಅರ್ತಿಂಗಿನ ರೋಧ, ಅಂದರೆ ವಿದ್ಯುತ್ತಿನ ಹರಿವಿಗೆ ಅದು ಒಡ್ಡುವ ತಡೆ, ಸಾಮಾನ್ಯವಾಗಿ 5 ಓಂಗಿಂತ ಕಡಿಮೆ ಇರಬೇಕೆಂದು ಎಲೆಕ್ಟ್ರಿಷಿಯನ್ನರು ನೋಡಿಕೊಳ್ಳುತ್ತಾರೆ. ಕರಾವಳಿಯ ಮುರಕಲ್ಲಿನ ನೆಲದಲ್ಲಿಯೂ ಕೋಲಾರದ ಕಡೆಯ ಬಂಡೆಯ ನೆಲದಲ್ಲಿಯೂ ಇದನ್ನು ಸಾಧಿಸುವುದು ಸುಲಭವಲ್ಲ. ಬೇಸಿಗೆಯಲ್ಲಿ ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ನೀರು ಹಾಕುತ್ತಿರಬೇಕಾಗುತ್ತದೆ. ಸಿಡಿಲಿನ ಕಾಲದಲ್ಲಿ ಟಿವಿಯನ್ನು ಕಾಯಲೆಂದು ಕೂಡಿಸುವ ಸರ್ಜ್ ಸಾಧನಕ್ಕೂ ಈ ಗುಂಡಿಯೇ ಆಧಾರ. ಅರ್ತಿಂಗು ಸರಿಯಿಲ್ಲದ ಮನೆಯಲ್ಲಿ ಆ ಸಾಧನಕ್ಕೆ ಕೊಟ್ಟ ಹಣ ಬಹುಮಟ್ಟಿಗೆ ವ್ಯರ್ಥ.

ಇನ್ನು ವೈರಿನ ದಪ್ಪದ ವಿಷಯ. ಮೀಟರ್ ಬೋರ್ಡಿನಿಂದ 20 ಮೀಟರ್ ದೂರದ ಸಾಕೆಟ್ಟಿಗೆ 2.5 ಚದರ ಮಿಲಿಮೀಟರಿನ ತಾಮ್ರದ ವೈರು ಎಳೆದರೆ, ಹೋಗಿಬರುವ ದಾರಿಯ ಒಟ್ಟು ರೋಧ ಸುಮಾರು 0.3 ಓಂ. 2 ಆಂಪಿಯರ್ ಎಳೆಯುವ ಆಂಪ್ಲಿಫೈಯರಿಗೆ ಅಲ್ಲಿ ನಷ್ಟವಾಗುವುದು ಒಂದು ವೋಲ್ಟಿಗೂ ಕಡಿಮೆ. ಆದ್ದರಿಂದ ಸಾವಿರಾರು ರೂಪಾಯಿಯ ಪವರ್ ಕಾರ್ಡು ಕೊಂಡರೆ ನಾದ ಬದಲಾಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗೋಡೆಯೊಳಗಿನ 20 ಮೀಟರ್ ಮಾಡದೆ ಬಿಟ್ಟದ್ದನ್ನು ಹೊರಗಿನ ಒಂದು ಮೀಟರ್ ಮಾಡಲಾರದು. ಅದೇ ವೈರಿನ ಮೇಲೆ ಗೀಸರೂ ನೀರಿನ ಮೋಟಾರೂ ಇದ್ದರೆ ಮಾತ್ರ ಲೆಕ್ಕ ಬೇರೆಯಾಗುತ್ತದೆ: 15 ಆಂಪಿಯರಿಗೆ ನಾಲ್ಕೂವರೆ ವೋಲ್ಟು ಕುಸಿಯುತ್ತದೆ, ಮೋಟಾರು ನಿಂತಾಗ ಸ್ಪೀಕರಿನಲ್ಲಿ 'ಟಪ್' ಎಂಬ ಸದ್ದೂ ಬರುತ್ತದೆ. ಟಿವಿ ಮತ್ತು ಸಂಗೀತದ ಸಾಧನಗಳಿಗಾಗಿ ಡಿಬಿಯಿಂದಲೇ, ಅಂದರೆ ಮನೆಯ ವೈರುಗಳೆಲ್ಲ ಕವಲೊಡೆಯುವ ಪೆಟ್ಟಿಗೆಯಿಂದಲೇ, ಪ್ರತ್ಯೇಕ ಎಂಸಿಬಿ (ಹೊರೆ ಮೀರಿದರೆ ತಾನೇ ಆರುವ ಸ್ವಿಚ್ಚು) ಕೊಟ್ಟು, ನಡುವೆ ಎಲ್ಲಿಯೂ ಗಂಟು ಹಾಕದೆ, ಬೇರೆ ವೈರು ತರುವುದೇ ಸರಿಯಾದ ಉಪಾಯ. ಮನೆ ಕಟ್ಟುವಾಗ, ಗಾರೆ ಬಳಿಯುವ ಮೊದಲು, ಇದಕ್ಕೆ ತಗಲುವ ಖರ್ಚು ಅತ್ಯಲ್ಪ.

ದಪ್ಪ ನಿಜವಾಗಿ ಲೆಕ್ಕಕ್ಕೆ ಬರುವುದು ಸ್ಪೀಕರಿನ ವೈರಿನಲ್ಲಿ. 4 ಓಂನ ಸ್ಪೀಕರಿಗೆ 10 ಮೀಟರ್ ದೂರ 0.75 ಚದರ ಮಿಲಿಮೀಟರಿನ ತೆಳು ವೈರು ಎಳೆದರೆ ಆ ವೈರಿನ ರೋಧವೇ ಅರ್ಧ ಓಂನ ಹತ್ತಿರ ಬರುತ್ತದೆ, ಮೃದಂಗದ ತೊಪ್ಪಿಯ ಗುಮಕಿಯಂಥ ತಗ್ಗಿನ ನಾದದ ಬಿಗಿ ಅಲ್ಲಿಯೇ ಸಡಿಲಾಗುತ್ತದೆ. ಅಲ್ಲಿ 2.5 ಚದರ ಮಿಲಿಮೀಟರಿನ ವೈರು ಬಳಸಿ. ಅದನ್ನು ಕರೆಂಟಿನ ವೈರಿನ ಜೊತೆಗೆ ಒಂದೇ ಪೈಪಿನಲ್ಲಿ ತೂರಿಸಬೇಡಿ. ದಾಟಲೇಬೇಕಾದಲ್ಲಿ ಅಡ್ಡಡ್ಡವಾಗಿ ದಾಟಿಸಿ.

ತ್ರೀಫೇಸ್ ಸಂಪರ್ಕವಿರುವ ಮನೆಯವರು ನ್ಯೂಟ್ರಲ್ ವೈರಿನ ಜೋಡಣೆಯನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದ ಆಗಾಗ ಪರೀಕ್ಷಿಸಿಕೊಳ್ಳಬೇಕು. ಅದು ಸಡಿಲಗೊಂಡು ಬಿಟ್ಟುಹೋದರೆ 230 ವೋಲ್ಟು ಬರಬೇಕಾದಲ್ಲಿ 400ರತ್ತ ಏರಿ ಟಿವಿ ಸುಟ್ಟುಹೋಗುತ್ತದೆ. ಒಂದು ಕೋಣೆಯ ದೀಪಗಳು ಕಣ್ಣು ಕುಕ್ಕುವಂತೆ ಉರಿದು ಇನ್ನೊಂದು ಕೋಣೆಯವು ಮಂಕಾದರೆ, ಕೂಡಲೇ ಮೇನ್ ಸ್ವಿಚ್ ಆರಿಸಿ.

ಕೊನೆಯದಾಗಿ, ಚರಚರ ಸದ್ದಿನ ಬಗ್ಗೆ. ಇದು 'ಗುಂಯ್' ಅಲ್ಲ. ಅಗ್ಗದ ಎಲ್‌ಇಡಿ ದೀಪಗಳು, ಚಾರ್ಜರುಗಳು, ಗುಬುಟು ತಿರುಗಿಸುವ ಹಳೆಯ ಬಗೆಯ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರುಗಳು ವೈರಿಗೆ ಮರಳಿ ಉಗುಳುವ ಗದ್ದಲ. ಇದನ್ನು ಹಿಡಿಯಲು ದುಬಾರಿ ಉಪಕರಣ ಬೇಡ. ಬ್ಯಾಟರಿಯ ಮೇಲೆ ನಡೆಯುವ ಟ್ರಾನ್ಸಿಸ್ಟರ್ ರೇಡಿಯೋವನ್ನು ಮೀಡಿಯಂ ವೇವಿನಲ್ಲಿ, ಯಾವ ನಿಲಯವೂ ಇಲ್ಲದ ಜಾಗಕ್ಕೆ ತಿರುಗಿಸಿ, ಕೈಯಲ್ಲಿ ಹಿಡಿದು ಸ್ವಿಚ್‌ಬೋರ್ಡುಗಳ, ದೀಪಗಳ ಬಳಿ ಓಡಾಡಿ. ಗದ್ದಲ ಜೋರಾದ ಜಾಗದಲ್ಲಿಯೇ ದೋಷವಿದೆ. ನಾನು ಹೀಗೆ ಅಡುಗೆಮನೆಯ ಎರಡು ದೀಪಗಳನ್ನೂ ನಡುಮನೆಯ ರೆಗ್ಯುಲೇಟರನ್ನೂ ಪತ್ತೆ ಹಚ್ಚಿ, ರೆಗ್ಯುಲೇಟರಿನ ಜಾಗದಲ್ಲಿ ಹಂತಹಂತವಾಗಿ ತಿರುಗುವ ಕೆಪಾಸಿಟರ್ ಬಗೆಯದನ್ನು ಹಾಕಿಸಿದೆ. ಅಂದಿನಿಂದ ಬೆಂಗಳೂರಿನ ನಮ್ಮ ಮನೆಯಲ್ಲಿ, ರಾತ್ರಿಯ ಹೊತ್ತು, 765 ಕಿಲೋಹರ್ಟ್ಸಿನಲ್ಲಿ ಧಾರವಾಡ ಆಕಾಶವಾಣಿಯ ದನಿ ತಿಳಿಯಾಗಿ ಕೇಳುತ್ತಿದೆ.

ನಮಸ್ಕಾರ.