ಚಿಲಕಕ್ಕೂ ಬಜೆಟ್‌ನಲ್ಲಿ ಒಂದು ಸಾಲು

ಪ್ರಿಯ ಪಾಸ್ಟರ್‌ಗಳೇ, ಫಾದರ್‌ಗಳೇ, ಸಿಸ್ಟರ್‌ಗಳೇ, ಸಭೆಗಳ ಹಿರಿಯರೇ, ಪರಿಹಾರ ಸಮಿತಿಯ ಗೆಳೆಯರೇ, ಎಲ್ಲರಿಗೂ ನಮಸ್ಕಾರ.

ವಿಪತ್ತು ಪರಿಹಾರಕ್ಕೆ ಹಣ ಕೇಳುವ ಪ್ರೊಪೋಸಲ್ ಬರೆಯುವುದು ಹೇಗೆ ಅಂತ ಹೇಳಿಕೊಡಲು ನನ್ನನ್ನು ಕರೆದಿದ್ದೀರಿ. ಈ ತರಬೇತಿಗೆ ಮುಂಚೆ ನೀವು ಕಳಿಸಿದ 11 ಕರಡುಗಳನ್ನು ಓದಿದ್ದೇನೆ, ಒಂದೊಂದನ್ನೂ ಎರಡೆರಡು ಸಲ. ಅದರಲ್ಲಿ 9 ಕರಡುಗಳು 'ಜನರು ಅಪಾರ ಸಂಕಷ್ಟದಲ್ಲಿದ್ದಾರೆ' ಅಂತಲೇ ಶುರುವಾಗುತ್ತವೆ. ಆ ಮಾತು ಸುಳ್ಳಲ್ಲ. ಆದರೆ ಅದನ್ನು ಮನೆಯಲ್ಲೇ ಕೂತು ಬರೆಯಬಹುದು, ಅಲ್ವಾ? ಎಷ್ಟು ಜನ, ಎಲ್ಲಿ ಮಲಗುತ್ತಿದ್ದಾರೆ, ನೀರಿಗೆ ಎಷ್ಟು ದೂರ ನಡೆಯುತ್ತಾರೆ, ಇದೆಲ್ಲ ಹೋಗಿ ಕೇಳಿದರೆ ಮಾತ್ರ ಸಿಗುತ್ತದೆ. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ಮೊದಲು ಕೇಳಿ, ಆಮೇಲೆ ಬರೆಯಿರಿ.

ಬೈಬಲಿನ ನೆಹೆಮೀಯನ ಕಥೆ ನಿಮಗೆಲ್ಲ ಬಾಯಿಪಾಠ, ಪರ್ಷಿಯಾದ ಅರಸನ ಹತ್ತಿರ ಕೆಲಸಕ್ಕಿದ್ದು ಯೆರೂಸಲೇಮಿನ ಬಿದ್ದ ಗೋಡೆ ಕಟ್ಟಲು ಹೋದವನು. ಅದನ್ನು ಪ್ರೊಪೋಸಲ್ ಬರೆಯುವವರ ಕಣ್ಣಿನಿಂದ ಇನ್ನೊಂದು ಸಲ ಓದಿ. ಊರಿನಿಂದ ಬಂದವರನ್ನು ಅವನು ಮೊದಲು ವಿಚಾರಿಸುತ್ತಾನೆ. ಅಳುತ್ತಾನೆ, ಉಪವಾಸ ಮಾಡುತ್ತಾನೆ, ಪ್ರಾರ್ಥಿಸುತ್ತಾನೆ. ಕಿಸ್ಲೇವ್ ತಿಂಗಳಿಂದ ನೀಸಾನ್‌ವರೆಗೆ, ಅಂದರೆ ಸುಮಾರು ನಾಲ್ಕು ತಿಂಗಳು. ಆಮೇಲೆ ಅರಸ 'ನಿನಗೇನು ಬೇಕು' ಅಂದಾಗ ಅವನ ಹತ್ತಿರ ಉತ್ತರ ಸಿದ್ಧ ಇತ್ತು. ಎಷ್ಟು ದಿನ ಬೇಕು ಅಂತ ಅರಸ ಕೇಳಿದ, ಇವನು ಅವಧಿ ಹೇಳಿದ. ದಾರಿಯ ಅಧಿಪತಿಗಳಿಗೆ ಪತ್ರ ಬೇಕು ಅಂದ. ಅರಣ್ಯ ನೋಡಿಕೊಳ್ಳುವ ಆಸಾಫನಿಗೆ ಇನ್ನೊಂದು ಪತ್ರ ಬೇಕು, ಮರ ಇಂಥಿಂಥ ಬಾಗಿಲಿಗೆ, ಇಂಥ ಗೋಡೆಗೆ ಅಂದ. ಇದಕ್ಕಿಂತ ಒಳ್ಳೆಯ ಪ್ರೊಪೋಸಲ್ ನಾನು ನೋಡಿಲ್ಲ!

ಅಲ್ಲಿಗೇ ಮುಗಿಯಲಿಲ್ಲ. ಯೆರೂಸಲೇಮಿಗೆ ಹೋದ ಮೇಲೆ ಮೂರು ದಿನ ಸುಮ್ನೆ ಇದ್ದ. ಆಮೇಲೆ ರಾತ್ರಿ ಹೊತ್ತು, ಕೆಲವೇ ಜನರ ಜೊತೆ, ಗೋಡೆಯನ್ನು ಸುತ್ತಿ ನೋಡಿದ. ಅರಸನ ಕೊಳದ ಹತ್ತಿರ ಅವನು ಕೂತಿದ್ದ ಪ್ರಾಣಿ ದಾಟಲೂ ಜಾಗ ಇರಲಿಲ್ಲ ಅಂತ ಬರೆದಿದ್ದಾನೆ ನೋಡಿ. ಹೋದವನು ಮಾತ್ರ ಬರೆಯಬಲ್ಲ ಸಾಲು ಅದು. ಕೇಳಿದ್ದರ ಮೇಲೆ ಮೊದಲ ಅರ್ಜಿ, ಕಣ್ಣಾರೆ ಕಂಡ ಮೇಲೆ ಪೂರ್ತಿ ಯೋಜನೆ. ಇವತ್ತಿಗೂ ಕ್ರಮ ಇದೇ. ಮೊದಲ ವಾರದಲ್ಲಿ ಎರಡು ಪುಟದ ಚಿಕ್ಕ ಮನವಿ ಸಾಕು. ಎಣಿಸಿ ಬಂದ ಮೇಲೆ ದೊಡ್ಡದು ಬರೆಯಿರಿ. ಗೋಡೆ 52 ದಿನದಲ್ಲಿ ಎದ್ದಿತು.

ಈಗ ನನ್ನದೇ ಒಂದು ಅನುಭವ. ಇದನ್ನು ಬೇರೆ ಕಡೆ ಕೇಳಿದವರು ಇಲ್ಲಿ ನಾಲ್ಕೈದು ಜನ ಇದ್ದೀರಿ, ಆಗಲೇ ನಗುತ್ತಿದ್ದೀರಿ. ಇರಲಿ, ಮತ್ತೆ ಹೇಳುತ್ತೇನೆ.

ನಾನು ಬರೆದ ಮೊದಲ ಪ್ರೊಪೋಸಲ್ ಒಂದು ಪ್ರವಾಹದ ಸಮಯದ್ದು. ಎರಡು ರಾತ್ರಿ ನಿದ್ದೆಗೆಟ್ಟು ಬರೆದೆ. ಕಂಬಳಿ, ದಿನಸಿ, ಪಾತ್ರೆ, ಬಟ್ಟೆ. ಹಣ ಕೊಡುವ ಸಂಸ್ಥೆಯಿಂದ ಒಬ್ಬ ಹಿರಿಯ ಮೇಡಂ ಫೋನ್ ಮಾಡಿದರು. 'ತುಂಬ ಮನಸ್ಸಿಟ್ಟು ಬರೆದಿದ್ದೀರಿ. ಶಿಬಿರದಲ್ಲಿ ಎಷ್ಟು ಜನ ಹೆಂಗಸರ ಜೊತೆ ಮಾತಾಡಿದಿರಿ?' ಅಂತ ಕೇಳಿದರು. ನಾನು ಮಾತಾಡಿದ್ದು ಶಿಬಿರ ನೋಡಿಕೊಳ್ಳುವವರ ಜೊತೆ ಮಾತ್ರ. ಅದೂ ಫೋನಿನಲ್ಲಿ. 'ಹಾಗಿದ್ರೆ ಒಂದು ಸಲ ಹೋಗಿ ಬನ್ನಿ, ನಾನು ಕಾಯ್ತೀನಿ' ಅಂದರು.

ಹೋದೆ. ಒಂದು ಶಾಲೆಯ ಕಟ್ಟಡ, 480 ಜನ. ಒಳಗೆ ಕಾಲಿಟ್ಟ ತಕ್ಷಣ ಕಂಡದ್ದು ಮೂಲೆಯಲ್ಲಿ ಕಂಬಳಿಗಳ ರಾಶಿ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಯಾರೋ ಆಗಲೇ ಕೊಟ್ಟಾಗಿತ್ತು. ನನ್ನ ಪಟ್ಟಿಯ ಮೊದಲ ಸಾಲು ಅಲ್ಲೇ ಬಿದ್ದುಹೋಯಿತು.

ಸಂಜೆ ನೀರು ಹಂಚುತ್ತಿದ್ದರು. ಒಬ್ಬ ತಾಯಿ, ಐವತ್ತರ ಆಸುಪಾಸು ಇರಬಹುದು, ಲೋಟ ತೆಗೆದುಕೊಂಡು ತುಟಿ ಒದ್ದೆ ಮಾಡಿಕೊಂಡರು, ಅಷ್ಟೇ. ಮಿಕ್ಕಿದ್ದನ್ನು ಮೊಮ್ಮಗನ ಲೋಟಕ್ಕೆ ಸುರಿದರು. ನೀರು ಕೆಟ್ಟಿದೆಯೇನೋ ಅಂದುಕೊಂಡು 'ಯಾಕಮ್ಮ, ನೀರು ಚೆನ್ನಾಗಿಲ್ವಾ?' ಅಂದೆ. 'ಚೆನ್ನಾಗಿದೆ ಕಣಪ್ಪ. ಕುಡಿದ್ರೆ ರಾತ್ರಿ ಏಳಬೇಕಾಗುತ್ತೆ' ಅಂದರು. ಅದಕ್ಕಿಂತ ಜಾಸ್ತಿ ನನ್ನ ಹತ್ತಿರ ಮಾತಾಡಲಿಲ್ಲ. ನನ್ನ ಜೊತೆ ನರ್ಸ್ ಆಗಿದ್ದ ಒಬ್ಬ ಸಿಸ್ಟರ್ ಬಂದಿದ್ದರು. ಅವರು ಆ ತಾಯಿಯ ಪಕ್ಕದಲ್ಲಿ ಕೂತರು, ನನಗೆ ದೂರ ಹೋಗುವಂತೆ ಸನ್ನೆ ಮಾಡಿದರು.

ಅರ್ಧ ಗಂಟೆ ಆದ ಮೇಲೆ ಸಿಸ್ಟರ್ ನನ್ನನ್ನು ಮೈದಾನದ ಆ ತುದಿಗೆ ಕರೆದುಕೊಂಡು ಹೋದರು. ಅಲ್ಲಿ 6 ಶೌಚಾಲಯ. ತಗಡಿನ ಬಾಗಿಲು, ಒಳಗಡೆ ಚಿಲಕ ಇಲ್ಲ. ಚಿಲಕದ ಜಾಗದಲ್ಲಿ ಒಂದು ಹಗ್ಗ ಕಟ್ಟಿದ್ದರು. ಒಳಗೆ ಕೂತವರು ಒಂದು ಕೈಯಲ್ಲಿ ಅದನ್ನು ಎಳೆದು ಹಿಡಿದುಕೊಳ್ಳಬೇಕು. ಹಗ್ಗದ ತುದಿ ಕೈ ತಾಗಿ ತಾಗಿ ಕಪ್ಪಾಗಿತ್ತು. ದೀಪ ಇಲ್ಲವೇ ಇಲ್ಲ. ಕತ್ತಲಾದ ಮೇಲೆ ಅಲ್ಲಿಗೆ ಹೋಗಬಾರದು ಅಂತ ಹೆಂಗಸರು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟಿದ್ದರು. ಕೆಲವರಿಗೆ ಆಗಲೇ ಉರಿಮೂತ್ರ ಶುರುವಾಗಿತ್ತು ಅಂತ ಸಿಸ್ಟರ್ ಹೇಳಿದರು.

ಆ ಹಗ್ಗದ ತುದಿ ನನ್ನ ಕಣ್ಣಿನಿಂದ ಇವತ್ತಿಗೂ ಹೋಗಿಲ್ಲ.

ವಾಪಸ್ ಬಂದು ಪೂರ್ತಿ ಹೊಸದಾಗಿ ಬರೆದೆ. ಇಲ್ಲಿ ಸ್ಫಿಯರ್ ಕೈಪಿಡಿಯ ಮಾತು ಬರುತ್ತದೆ, ಪರಿಹಾರದಲ್ಲಿ ಕನಿಷ್ಠ ಏನೇನು ಇರಬೇಕು ಅಂತ ಹೇಳುವ ಪುಸ್ತಕ, ದಯವಿಟ್ಟು ಅದನ್ನು ಹತ್ತಿರ ಇಟ್ಟುಕೊಳ್ಳಿ. ಪರಿಹಾರ ಸಂಸ್ಥೆಗಳು ಮತ್ತು ರೆಡ್ ಕ್ರಾಸ್ ಚಳವಳಿ ಸೇರಿ 1997ರಲ್ಲಿ ಶುರು ಮಾಡಿದ ಕೆಲಸ ಅದು. ನಾಲ್ಕನೇ ಆವೃತ್ತಿ 2018ರದು. ಅದರ ಲೆಕ್ಕದಲ್ಲಿ 20 ಜನಕ್ಕೆ ಒಂದು ಶೌಚಾಲಯ ಬೇಕು. ಮೊದಮೊದಲ ಗಡಿಬಿಡಿಯಲ್ಲಿ 50 ಜನಕ್ಕೆ ಒಂದಾದರೂ ಇರಲೇಬೇಕು. ಹೆಂಗಸರಿಗೆ ಮೂರು ಇದ್ದರೆ ಗಂಡಸರಿಗೆ ಒಂದು. ನಮ್ಮ ಶಿಬಿರದಲ್ಲಿ 80 ಜನಕ್ಕೆ ಒಂದಿತ್ತು! 480 ಜನಕ್ಕೆ 24 ಬೇಕು. ಇದ್ದ 6 ಗಂಡಸರಿಗೆ, ಹೊಸ 18 ಕಟ್ಟಡದ ಹತ್ತಿರವೇ ಹೆಂಗಸರಿಗೆ ಅಂತ ಬರೆದೆ. ದಾರಿಗೆ ದೀಪ. ಪ್ರತಿ ಬಾಗಿಲಿಗೂ ಚಿಲಕ. ಚಿಲಕಕ್ಕೆ ಬಜೆಟ್‌ನಲ್ಲಿ ಬೇರೆಯೇ ಒಂದು ಸಾಲು. ಇಡೀ ಬಜೆಟ್‌ನಲ್ಲಿ ಅತಿ ಕಡಿಮೆ ಮೊತ್ತದ ಸಾಲು ಅದು. ಕಂಬಳಿ ತೆಗೆದುಹಾಕಿದೆ. ಮೇಡಂ ಓದಿ ಫೋನ್ ಮಾಡಿದರು. ಒಂದೇ ಪ್ರಶ್ನೆ: 'ಚಿಲಕ ಒಳಗಡೆ ತಾನೇ?'

ಈ ಸಂಖ್ಯೆಗಳು ಹಣ ಕೊಡುವವರನ್ನು ಒಪ್ಪಿಸಲು ಮಾತ್ರ ಅಲ್ಲ. ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು ಅನ್ನುತ್ತದೆ ಕೈಪಿಡಿ, ಕುಡಿಯಲು, ಅಡುಗೆಗೆ, ತೊಳೆಯಲು ಎಲ್ಲ ಸೇರಿ. 480 ಜನಕ್ಕೆ ಅದು 7,200 ಲೀಟರ್. ತಲೆಗೆ 3.5 ಚದರ ಮೀಟರ್ ಸೂರು. ಹೀಗೆ ಲೆಕ್ಕ ಹಾಕಿದಾಗ 'ನೀರಿನ ವ್ಯವಸ್ಥೆ ಮಾಡುತ್ತೇವೆ' ಅನ್ನುವ ವಾಕ್ಯ ಒಂದು ಮಾತು ಕೊಟ್ಟಂತೆ ಆಗುತ್ತದೆ. ಆ ಮಾತು ನಡೆಯಿತಾ ಇಲ್ವಾ ಅಂತ ಶಿಬಿರದವರೇ ನಿಮ್ಮನ್ನು ಕೇಳಬಹುದು. ಕೇಳಬೇಕು ಕೂಡ.

ಕೇಳದೆ ಕೊಟ್ಟರೆ ಏನಾಗುತ್ತದೆ? 2004ರ ಸುನಾಮಿ ನೆನಪಿಸಿಕೊಳ್ಳಿ. ತಮಿಳುನಾಡಿನ ಕರಾವಳಿಯಲ್ಲಿ ಹಳೆ ಬಟ್ಟೆಗಳು ರಸ್ತೆ ಬದಿಯಲ್ಲಿ ರಾಶಿ ರಾಶಿ ಬಿದ್ದಿದ್ದವು. ಕೊಟ್ಟವರ ಮನಸ್ಸು ಒಳ್ಳೆಯದೇ. ಮನೆ ಕಳೆದುಕೊಂಡವರ ಮಾನದ ಬಗ್ಗೆ ಯೋಚಿಸಲು ಯಾರಿಗೂ ಬಿಡುವು ಇರಲಿಲ್ಲ.

ಇನ್ನು, ನಿಮ್ಮಲ್ಲಿ ಮೂವರು ಬರೆದು ಕಳಿಸಿದ ಪ್ರಶ್ನೆ. ನಾವು ಕ್ರಿಸ್ತನ ಹೆಸರಿನಲ್ಲಿ ಹೋಗುವವರು, ಪ್ರೊಪೋಸಲ್‌ನಲ್ಲಿ ಅದನ್ನು ಬಚ್ಚಿಡಬೇಕಾ? ಖಂಡಿತ ಬೇಡ. ನಾವು ಯಾರು, ಯಾಕೆ ಬಂದಿದ್ದೇವೆ ಅಂತ ತಲೆ ಎತ್ತಿ ಬರೆಯಿರಿ. ಆದರೆ ನಂಬಿಕೆಯನ್ನು ಪರಿಹಾರಕ್ಕೆ ಗಂಟು ಹಾಕಬೇಡಿ. 1994ರ ರೆಡ್ ಕ್ರಾಸ್ ನೀತಿ ಸಂಹಿತೆ ಇದನ್ನೇ ಹೇಳುತ್ತದೆ: ನೆರವು ಅಗತ್ಯ ನೋಡಿ ಮಾತ್ರ, ಒಂದು ಧರ್ಮದ ಅಥವಾ ರಾಜಕೀಯದ ನಿಲುವನ್ನು ಬೆಳೆಸಲು ಅಲ್ಲ. ಇದನ್ನು ಹೊರಗಿನವರು ನಮ್ಮ ಮೇಲೆ ಹೇರಿದ್ದಾರೆ ಅಂತ ಕೆಲವರು ಹೇಳುತ್ತಾರೆ. ಹಾಗಲ್ಲ. ಅದರ ಹಿಂದೆ ಕ್ರೈಸ್ತ ಸಂಸ್ಥೆಗಳಾದ ಕಾರಿತಾಸ್ ಇಂಟರ್‌ನ್ಯಾಷನಾಲಿಸ್, ಲೂಥರನ್ ವರ್ಲ್ಡ್ ಫೆಡರೇಷನ್, ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್ ಇದ್ದವು. ನಮ್ಮವರೇ ಜೊತೆಗೆ ಕೂತು ಒಪ್ಪಿದ ಮಾತು.

ಅದಕ್ಕೂ ಮುಂಚೆ ಯೇಸು ಹೇಳಿದ ಸಮಾರ್ಯದವನ ಕಥೆ ಇದೆ. ಕಳ್ಳರಿಂದ ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನು ಯಾರು ಅಂತ ಆ ಸಮಾರ್ಯದವನು ಕೇಳಲೇ ಇಲ್ಲ. ಗಾಯ ಕಟ್ಟಿದ, ಛತ್ರಕ್ಕೆ ಸೇರಿಸಿದ, ಎರಡು ಬೆಳ್ಳಿ ನಾಣ್ಯ ಕೊಟ್ಟ. ಹೆಚ್ಚು ಖರ್ಚಾದರೆ ವಾಪಸ್ ಬರುವಾಗ ಕೊಡ್ತೀನಿ ಅಂದ. ನೋಡಿ, ಬಜೆಟ್ ಇದೆ, ಅನಿರೀಕ್ಷಿತ ಖರ್ಚಿನ ಸಾಲಿದೆ, ಮತ್ತೆ ಬಂದು ನೋಡುವ ಮಾತೂ ಇದೆ! ನಗಬೇಡಿ, ನಾನು ನಿಜವಾಗಿಯೂ ಹೇಳುತ್ತಿದ್ದೇನೆ.

'ಜಾತಿ ಧರ್ಮ ನೋಡುವುದಿಲ್ಲ' ಅಂತ ಒಂದು ಸಾಲು ಬರೆದರೆ ಸಾಲದು. ಹೇಗೆ ನೋಡುವುದಿಲ್ಲ ಅಂತ ಬರೆಯಿರಿ. ಯಾರಿಗೆ ಮೊದಲು ಅನ್ನುವುದನ್ನು ಯಾರು ತೀರ್ಮಾನಿಸುತ್ತಾರೆ? ಆ ಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತೀರಾ? ಹಂಚುವ ಜಾಗ ಆರಾಧನೆಯ ಜಾಗವೇ ಆದರೆ ಬೇರೆ ನಂಬಿಕೆಯವರು ಬಾಗಿಲಲ್ಲೇ ನಿಲ್ಲುತ್ತಾರೆ. ಅವರನ್ನೂ ಕೇಳಿ ಬರೆಯಿರಿ.

ಬಜೆಟ್‌ಗೆ ಬರೋಣ. ಒಂದು ಕರಡಿನಲ್ಲಿ ವಿವರಣೆ 300 ಕುಟುಂಬ ಅನ್ನುತ್ತದೆ, ಬಜೆಟ್ 350 ಕಿಟ್ ಅನ್ನುತ್ತದೆ. ಬರೆದವರು ಇಬ್ಬರು, ಮಾತಾಡಿಕೊಂಡಿಲ್ಲ. ಓದುವವರಿಗೆ ಅನುಮಾನ ಬರುವುದು ಇಂಥ ಕಡೆಯೇ. ಇನ್ನು, ಡ್ರೈವರ್ ಸಂಬಳ, ಗೋದಾಮಿನ ಬಾಡಿಗೆ, ಲೆಕ್ಕ ಬರೆಯುವವರ ಸಂಬಳ ಬರೆಯಲು ಸುಮಾರು ಜನಕ್ಕೆ ಸಂಕೋಚ. ಸೇವೆ ಅಂದ ಮೇಲೆ ಸಂಬಳ ಯಾಕೆ ಅಂತ. ಸಾಮಾನು ತಾನಾಗಿ ನಡೆದು ಹೋಗುವುದಿಲ್ಲ. ಲೂಕನ ಸುವಾರ್ತೆಯಲ್ಲಿ ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುತ್ತಾನೆ. ನೀವೂ ಕೂತು ಪೂರ್ತಿ ಲೆಕ್ಕ ಹಾಕಿ, ಇದ್ದದ್ದು ಇದ್ದ ಹಾಗೆ ಬರೆಯಿರಿ. ಆಮೇಲೆ ಬೇರೆ ಸಾಲಿನಿಂದ ಹಣ ಎತ್ತಿ ಡೀಸೆಲ್ ಹಾಕಿಸುವ ಕಷ್ಟ ಬರುವುದಿಲ್ಲ.

ಯೆರೂಸಲೇಮಿನ ಬಡವರಿಗೆ ಸಭೆಗಳು ಕೂಡಿಸಿದ ಹಣವನ್ನು ಅಪೊಸ್ತಲ ಪೌಲ ಒಬ್ಬನೇ ಒಯ್ಯಲಿಲ್ಲ. ಸಭೆಗಳೇ ಆರಿಸಿದ ಒಬ್ಬ ಸಹೋದರನನ್ನು ಜೊತೆಗೆ ಕರೆದುಕೊಂಡ. ಕರ್ತನ ಮುಂದೆ ಮಾತ್ರ ಅಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅಂತ ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಎಂಟನೇ ಅಧ್ಯಾಯದಲ್ಲಿದೆ. ಚೆಕ್‌ಗೆ ಎರಡು ಸಹಿ ಯಾಕೆ ಅಂತ ಬೇಜಾರು ಮಾಡಿಕೊಳ್ಳುವ ಹಿರಿಯರಿಗೆ ಆ ಅಧ್ಯಾಯ ಓದಿ ಹೇಳಿ.

ಸಮಯ ಆಯ್ತು ಅಂತ ಚೀಟಿ ಬಂತು. ಇನ್ನೂ ನಾಲ್ಕು ವಿಷಯ ಇತ್ತು. ಬೇಗ ಹೇಳಿಬಿಡುತ್ತೇನೆ.

ಲಾಗ್‌ಫ್ರೇಮ್ ಕಂಡು ಹೆದರಬೇಡಿ, ಏನು ಮಾಡುತ್ತೀರಿ, ಅದರಿಂದ ಏನು ಬದಲಾಗುತ್ತದೆ, ಬದಲಾಗಿದ್ದು ಹೇಗೆ ಗೊತ್ತಾಗುತ್ತದೆ ಅನ್ನುವ ಪಟ್ಟಿ ಅದು. ಶೌಚಾಲಯ ಎಷ್ಟು ಕಟ್ಟಿದಿರಿ ಅನ್ನುವುದು ಒಂದು ಕಾಲಂ. ರಾತ್ರಿ ಹೆಂಗಸರು ಹೋಗುತ್ತಿದ್ದಾರಾ ಅನ್ನುವುದು ಇನ್ನೊಂದು. ದೂರು ಪೆಟ್ಟಿಗೆ ಇಟ್ಟರೆ ಸಾಲದು, ಓದು ಬರದವರು ಬಾಯಲ್ಲಿ ಹೇಳಲು ಒಬ್ಬರು ಬೇಕು, ಅವರು ಹಂಚುವವರಲ್ಲಿ ಒಬ್ಬರಾಗಿರಬಾರದು. ಮಾರುಕಟ್ಟೆ ನಡೆಯುತ್ತಿದ್ದರೆ ಸಾಮಾನಿನ ಬದಲು ಹಣ ಕೊಡುವುದನ್ನು ಯೋಚಿಸಿ. ನೀವು ಹೊರಟ ಮೇಲೆ ಆ ದೀಪ, ಆ ನಲ್ಲಿ ಯಾರ ಕೈಗೆ ಅನ್ನುವುದನ್ನು ಮೊದಲ ದಿನವೇ ಬರೆಯಿರಿ.

ಊಟ ಆದ ಮೇಲೆ ಗುಂಪುಗಳಲ್ಲಿ ಕೂತು ನಿಮ್ಮ ಕರಡಿನ ಮೊದಲ ಪುಟವನ್ನು ಮತ್ತೆ ಬರೆಯೋಣ. ಪೆನ್ಸಿಲ್ ತನ್ನಿ. ಗೊತ್ತಿಲ್ಲದ ಸಂಖ್ಯೆ ಬಂದ ಕಡೆ ಊಹೆ ಮಾಡಬೇಡಿ, ಖಾಲಿ ಬಿಡಿ. ಆ ಖಾಲಿ ಜಾಗಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ನಾಳೆ ಬೆಳಿಗ್ಗೆ ಶಿಬಿರಕ್ಕೆ ಹೋಗುತ್ತೇವೆ. ಪ್ರತಿ ಗುಂಪಿನಲ್ಲೂ ಕನಿಷ್ಠ ಇಬ್ಬರು ಹೆಂಗಸರು ಇರಲಿ. ಒಂದು ಟಾರ್ಚ್ ಇರಲಿ, ಕತ್ತಲಾಗುವ ತನಕ ಅಲ್ಲೇ ಇರುತ್ತೇವೆ.